ಎರಡು ಹತ್ತು

ಮಾರ್ಚಿಯ ಕೊನೆ ವಾರ. ಈರಿ ಸರೋವರದ ಗಾಳಿ
ಪಕ್ಕದ ಮನೆ ಡೊಲೊರೆಸಳ ಒಣ ಮೇಪಲ್ ಮರವನ್ನು
ನಮ್ಮ ಬೇಲಿಯ ಮೇಲೆ ಮಲಗಿಸಿತು.
ಮರ ಕೊಯ್ಯಲು ಬಂದ ಹುಡುಗ ಬಾಗಿಲು ತಟ್ಟಿ
ತಲೆಯ ಹೆಲ್ಮೆಟ್ಟನ್ನು ಬಟ್ಟಲಿನಂತೆ ಚಾಚಿದ.
ಒಳಗೆ, ಕೈಗವಸಿನ ಮೇಲೆ, ಬೆರಳುದ್ದದ ಜೀವ.
ಕಣ್ಣು ಇನ್ನೂ ಹೊಲಿದ ಹಾಗೆ. ಬಾಲವೆಂಬುದು ಬರಿ ದಾರ.
ತಾಯಿ? ಅವನು ಕೊಂಬೆಗಳ ರಾಶಿಯತ್ತ ನೋಡಿದ,
ಮಾತಾಡಲಿಲ್ಲ.

ಇಲಿ, ಅಂದೆ ನಾನು.
ಅಳಿಲು, ಅಂದರು ಇವರು.
ಅಳಿಲಾದರೆ ಬೆನ್ನ ಮೇಲೆ ಮೂರು ಗೆರೆ ಎಲ್ಲಿ?
ಈ ದೇಶದ ಅಳಿಲಿಗೆ ಗೆರೆಯಿಲ್ಲ.
ಇಲ್ಲಿ ಯಾವ ಸೇತುವೆಗೂ ಅದು ಮರಳು ಹೊತ್ತಿಲ್ಲ,
ಯಾವ ದೇವರೂ ಬೆನ್ನು ಸವರಿಲ್ಲ.

ಕಾಡುಪ್ರಾಣಿ ನೋಡಿಕೊಳ್ಳುವ ಪರವಾನಗಿಯ ಮಾರ್ಲೀನ್
ತನ್ನಲ್ಲಿ ಆಗಲೇ ಇಪ್ಪತ್ತಾರು ಮರಿ, ಜಾಗವಿಲ್ಲ,
ನಾನು ಹೇಳಿದ ಹಾಗೆ ಮಾಡ್ತೀರಾ ಎಂದು ಫೋನಿನಲ್ಲಿ ಕೇಳಿದಳು.
ಮೊದಲು ಬಿಸಿ, ಆಮೇಲೆ ಹಾಲು. ತಣ್ಣನೆಯ ಹೊಟ್ಟೆಗೆ ಏನೂ ಇಳಿಯದು.
ಹಸುವಿನ ಹಾಲು ಬೇಡವೇ ಬೇಡ. ನಾಯಿಮರಿಗೆ ಕೊಡುವ ಪುಡಿ,
ಸೂಜಿಯಿಲ್ಲದ ಸಿರಿಂಜು.
ಮೂರು ಗಂಟೆಗೊಮ್ಮೆ.
ರಾತ್ರಿಯೂ?
ರಾತ್ರಿಯೂ.
ಕರೆಂಟು ಬಿಲ್ಲಿನ ಹಿಂದೆ ಇವರು ಬರೆದುಕೊಂಡರು.

ಇಪ್ಪತ್ತೊಂಬತ್ತು ವರ್ಷ ಊರಿನ ಬಸ್ಸು ಓಡಿಸಿದ ಮನುಷ್ಯ.
ಟೈಮ್‌ಟೇಬಲ್ ಅಂದರೆ ವೇದ.
ಹನ್ನೊಂದು ಹತ್ತು, ಎರಡು ಹತ್ತು, ಐದು ಹತ್ತು
ಎಂದು ಫ್ರಿಜ್ಜಿಗೆ ಅಂಟಿಸಿದರು.
ಕಾಲುಚೀಲಕ್ಕೆ ಅಕ್ಕಿ ತುಂಬಿ, ಕಾಯಿಸಿ,
ಮರಿಯ ಮಗ್ಗುಲಿಗಿಟ್ಟರು. ನನ್ನ ಸೋನಾ ಮಸೂರಿ! ಕೇಳಲೂ ಇಲ್ಲ.
ಮಣಿಕಟ್ಟಿಗೆ ಒಂದು ಹನಿ ಬಿಟ್ಟು ಕಾವು ನೋಡಿ,
ಆಮೇಲೆ ಅದರ ಬಾಯಿಗೆ: ಒಂದು ಹನಿ, ನಿಲ್ಲು. ಒಂದು ಹನಿ, ನಿಲ್ಲು.
ಒಂದು ಸ್ಟಾಪೂ ಬಿಡದೆ, ಮುದುಕಿಯರು ಹತ್ತುವವರೆಗೆ ಕಾಯುವ ಹಾಗೆ.
ಒದ್ದೆ ಹತ್ತಿಯಿಂದ ಹೊಟ್ಟೆಯ ಕೆಳಗೆ ಮೆಲ್ಲಗೆ ತಿಕ್ಕಿ
ಉಚ್ಚೆ ಬಂದಾಗ ನನ್ನನ್ನು ಎಬ್ಬಿಸಿ ಹೇಳಿದರು,
ಲಾಟರಿ ಹೊಡೆದವರಂತೆ.

ನಾನು ಗೋಡೆಯ ಕಡೆ ತಿರುಗಿದೆ.
ಎಬ್ಬಿಸಿದ್ದಕ್ಕಲ್ಲ ಸಿಟ್ಟು.
ಮೇದಿನಿ ಹುಟ್ಟಿದಾಗ, ಆಮೇಲೆ ಶ್ಯಾಮಲೆ,
ಒಂದು ರಾತ್ರಿ, ಒಂದೇ ಒಂದು ರಾತ್ರಿ ಎದ್ದವರಲ್ಲ.
ಬೆಳಗಿನ ಐದರ ಡ್ಯೂಟಿ, ಬಸ್ಸಿನ ತುಂಬ ಜನ,
ಡ್ರೈವರು ನಿದ್ದೆಗೆಟ್ಟರೆ ಹೇಗೆ?
ನಿಜವೇ. ಆ ನಿಜದ ಪಕ್ಕದಲ್ಲಿ ಕೂತು
ನಾನೊಬ್ಬಳೇ ತೊಟ್ಟಿಲು ತೂಗಿದೆ. ಬಾಣಂತನವೆಂದರೆ
ಡೊಲೊರೆಸಳ ಸೂಪು, ರೇಡಿಯೇಟರಿನ ಕಾವು.

ಐದನೆಯ ವಾರ ಎಡಗಣ್ಣು ಬಿಟ್ಟಿತು. ಮರುದಿನ ಬಲ.
ಅದು ಕಂಡ ಮೊದಲ ಪ್ರಪಂಚ ಇವರ ಬಿಳಿ ಗಡ್ಡ.
ವಿಡಿಯೋ ಕಾಲಿನಲ್ಲಿ ಮೇದಿನಿ, ಸೊಂಟದ ಮೇಲೆ ತನ್ನ ಕೂಸು,
ಸುಮ್ಮನೆ ನೋಡಿದಳು, ಬಹಳ ಹೊತ್ತು.
ಅಪ್ಪನಿಗೆ ಇದೆಲ್ಲ ಬರುತ್ತಾ?
ಈಗ ಕಲಿತರು, ಅಂದೆ.
ಇವರು ತಲೆಯೆತ್ತಲಿಲ್ಲ.
ಒಂದು ಹನಿ ತಪ್ಪಿ ಟವೆಲ್ಲಿಗೆ ಬಿತ್ತು.

ಆಮೇಲೆ ಅದು ಕರ್ಟನ್ನು ಹತ್ತಿತು, ರಿಮೋಟು ಕಡಿಯಿತು,
ನನ್ನ ಸಾಸಿವೆ ಡಬ್ಬಿಯಲ್ಲಿ ಅಕ್ರೋಟು ಹೂತಿಟ್ಟಿತು.
ಹೆಸರಿಡೋಣ ಅಂದೆ. ಬೇಡ,
ಇಟ್ಟರೆ ಕರೆಯಬೇಕಾಗುತ್ತೆ, ಅಂದರು.

ಜೂನಿನಲ್ಲಿ, ಮಾರ್ಲೀನ್ ಹೇಳಿದ ದಿನ,
ಓಕ್ ಮರದ ಬುಡದಲ್ಲಿ ಪಂಜರದ ಬಾಗಿಲು ತೆರೆದೆವು.
ಇವರ ತೋಳು, ಹೆಗಲು, ನೆತ್ತಿ,
ಅಲ್ಲಿಂದ ಕಾಂಡ, ಅಲ್ಲಿಂದ ಬರಿ ಎಲೆ.
ತಿರುಗಿ ನೋಡಿತು, ಕಂಡೆಯಾ, ಅಂದರು.
ಇಲ್ಲ. ನಾನು ನೋಡುತ್ತಲೇ ಇದ್ದೆ.
ಹೂಂ, ಅಂದೆ.

ಆ ರಾತ್ರಿ ಮಗ್ಗುಲು ಖಾಲಿ. ಅಡುಗೆಮನೆಯಲ್ಲಿ ದೀಪ.
ಗಡಿಯಾರದಲ್ಲಿ ಎರಡು ಹತ್ತು.
ಒಲೆಯ ಮುಂದೆ ಇವರು, ಬರಿಗಾಲಲ್ಲಿ.
ಏನು ಮಾಡ್ತಿದ್ದೀರಿ?
ಹಾಲು, ಅಂದರು. ಸ್ವಲ್ಪ ತಡೆದು, ನಿನಗೆ.
ಲೋಟ ಕೊಡುವ ಮುನ್ನ ಒಂದು ಹನಿ
ಮಣಿಕಟ್ಟಿಗೆ ಬಿಟ್ಟುಕೊಂಡು ನೋಡಿದರು.
ಸಕ್ಕರೆ ಮರೆತಿದ್ದರು.
ನಾನು ಹೇಳಲಿಲ್ಲ.